ಉತ್ತರ ಮೊದಲು, ಲೆಕ್ಕ ಆಮೇಲೆ

ಸಿಂಧನೂರಿನ ಎಪಿಎಂಸಿ ದಲಾಲರಿಗೆ ಎನ್‌ಪಿವಿ (ನಿವ್ವಳ ಪ್ರಸ್ತುತ ಮೌಲ್ಯ) ಎಂದರೇನೆಂದು ಯಾರೂ ಪಾಠ ಹೇಳಬೇಕಾಗಿಲ್ಲ. ಎರಡು ತಿಂಗಳ ಮೇಲೆ ಕೈಸೇರಬೇಕಾದ ಭತ್ತದ ದುಡ್ಡು ಇವತ್ತೇ ಬೇಕೆಂದು ರೈತ ಕೇಳಿದರೆ, ನೂರಕ್ಕೆ ಇಷ್ಟೆಂದು ಮುರಿದುಕೊಂಡೇ ನೋಟು ಎಣಿಸುತ್ತಾರೆ. ಶಾಸ್ತ್ರ ಹೇಳುವುದೂ ಇಷ್ಟನ್ನೇ. ಮುಂದೆ ಬರುವ ಆದಾಯವನ್ನೆಲ್ಲ ಒಂದು ದರದಲ್ಲಿ ಮುರಿದು ಇಂದಿನ ಬೆಲೆಗೆ ಇಳಿಸಿ, ಅದರಲ್ಲಿ ವೆಚ್ಚ ಕಳೆಯಬೇಕು. ಏನಾದರೂ ಉಳಿದರೆ ಯೋಜನೆ, ಉಳಿಯದಿದ್ದರೆ ಕಡತ ಬಂದ್.

ಆದರೆ ನಮ್ಮ ಕೊಪ್ಪಳ, ರಾಯಚೂರು ಸೀಮೆಯಲ್ಲಿ ಕಡತ ಮುಚ್ಚುವುದು ಅಪಶಕುನ. ಅಡಿಗಲ್ಲಿನ ಮೇಲೆ ಹೆಸರು ಕೆತ್ತಿಸಿಯಾದ ಮೇಲೆ ಲೆಕ್ಕ ನಷ್ಟ ತೋರಿಸಿದರೆ ಹೇಗೆ?

ಒಂದು ಸಭೆ ಕಲ್ಪಿಸಿಕೊಳ್ಳಿ. 100 ಕೋಟಿ ವೆಚ್ಚ, 20 ವರ್ಷ ಕಾಲ ವರ್ಷಕ್ಕೆ 15 ಕೋಟಿ ಆದಾಯ. ಶೇ 12ರ ದರದಲ್ಲಿ ಮುರಿದರೆ 112 ಕೋಟಿ. ಅಂದರೆ 12 ಕೋಟಿ ಉಳಿಕೆ. ಹಾರ ತುರಾಯಿಗೆ ಹೇಳಿಕಳಿಸಿದ್ದಾರೆ. ಅಷ್ಟರಲ್ಲಿ ಹೊಸದಾಗಿ ನೌಕರಿಗೆ ಸೇರಿದ ಹುಡುಗನೊಬ್ಬ, "ಸರ್, ನಮ್ಮಲ್ಲಿ ಯಾವುದೂ ಹೇಳಿದ ದಿನಕ್ಕೆ ಮುಗಿಯುವುದಿಲ್ಲವಲ್ಲ, ಐದು ವರ್ಷ ತಡ ಹಾಕಿ ನೋಡಲೇ?" ಎನ್ನುತ್ತಾನೆ. (ಇಂಥವರನ್ನು ಸಂದರ್ಶನದಲ್ಲೇ ಸೋಸಬೇಕಿತ್ತು.) ಹಾಕುತ್ತಾನೆ. 36 ಕೋಟಿ ನಷ್ಟ! ಮಿರ್ಚಿ ಭಜಿ ಹಿಡಿದ ಕೈಗಳು ಅಲ್ಲಲ್ಲೇ ನಿಲ್ಲುತ್ತವೆ. ಹಿರಿಯ ಸಾಹೇಬರು ಕನ್ನಡಕ ಏರಿಸಿ, "ಆ 12 ಇದೆಯಲ್ಲ ತಮ್ಮಾ, ಅದನ್ನು 8 ಮಾಡು" ಎನ್ನುತ್ತಾರೆ. ತಡ ಐದು ವರ್ಷ ಹಾಗೆಯೇ ಇದ್ದೂ ಯೋಜನೆ 23 ಲಕ್ಷ ಲಾಭಕ್ಕೆ ಬಂದು ನಿಲ್ಲುತ್ತದೆ. ಚಪ್ಪಾಳೆ.

ಜನೋಪಯೋಗಿ ಕೆಲಸಕ್ಕೆ ಕಡಿಮೆ ದರ ಹಾಕಬೇಕೆಂಬ ವಾದದಲ್ಲಿ ಹುರುಳಿದೆ, ಒಪ್ಪೋಣ. ಆದರೆ ಆ ದರ ಉತ್ತರ ನೋಡುವ ಮೊದಲೇ ನಿಗದಿಯಾಗಿರಬೇಕಲ್ಲವೇ?

ಅಷ್ಟಕ್ಕೂ ಐದು ವರ್ಷದ ತಡ ಹುಡುಗನ ಔದಾರ್ಯ. ಮುನಿರಾಬಾದ್–ಮಹಬೂಬ್‌ನಗರ ರೈಲು ಮಾರ್ಗ ಮಂಜೂರಾದದ್ದು 1997-98ರಲ್ಲಿ. ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. 25 ವರ್ಷ ಆಚೆಯ ಒಂದು ರೂಪಾಯಿಗೆ ಶೇ 12ರ ದರದಲ್ಲಿ ಇಂದಿನ ಬೆಲೆ ಆರು ಪೈಸೆ. ಇಂಜಿನ್ನಿಗೆ ಹೂಮಾಲೆ ಹಾಕಿ ನಾವು ಕುಣಿದದ್ದು ಅದಕ್ಕೂ ಕಡಿಮೆ ಪೈಸೆಗೆ.

ಸಾಹೇಬರಿಗೆ ಇನ್ನೂ ಪ್ರಿಯವಾದ ಗುಣವೊಂದು ಈ ಲೆಕ್ಕಕ್ಕಿದೆ. ಆದಾಯದಂತೆ ಖರ್ಚೂ ದೂರ ಸರಿದಷ್ಟು ಕರಗುತ್ತದೆ. 70 ವರ್ಷದ ಮೇಲೆ ಅಣೆಕಟ್ಟೆಯ ಗೇಟಿಗೆ ಒಂದು ಕೋಟಿ ಬೇಕಾದೀತು ಎನ್ನಿ. ಶೇ 12ರಲ್ಲಿ ಇಂದಿಗೆ ಅದು ಸುಮಾರು 3,600 ರೂಪಾಯಿ, ಸಭೆಯ ಚಹಾ-ಭಜಿಯ ಬಿಲ್ಲಿನಷ್ಟು. ಖರ್ಚಿನ ಸಾಲಿಗೆ ಮಾತ್ರ ಯಾರೂ 12ನ್ನು 8 ಮಾಡುವುದಿಲ್ಲ, ಗಮನಿಸಿ. ಹೂಳಿಗೂ ಇದೇ ಮರ್ಯಾದೆ: 133 ಟಿಎಂಸಿ ಹಿಡಿಯಲೆಂದು ಕಟ್ಟಿದ ತುಂಗಭದ್ರಾ ಜಲಾಶಯ ಈಗ ಹಿಡಿಯುವುದು 105ರ ಆಸುಪಾಸು. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಸರಪಳಿ ಕಡಿದು, ಗೇಟೇ ಹೊಳೆಯ ಪಾಲಾಯಿತು. ರೈತರು ಎದೆ ಬಡಿದುಕೊಂಡರು. ಕಾಗದದ ಪ್ರಕಾರ ಹೋದದ್ದು 3,600 ರೂಪಾಯಿ.

ಆ ಹುಡುಗನಿಗೆ ಈಗ ಬೇರೊಂದು ಕಡತ ಕೊಟ್ಟಿದ್ದಾರೆ. ಎನ್‌ಪಿವಿ ಎಂಬಲ್ಲಿ ಅಂಕಿಯನ್ನು ಸಾಹೇಬರೇ ಬರೆದಿದ್ದಾರೆ. ದರದ ಜಾಗ ಖಾಲಿ ಇದೆ, ಸಂಜೆಯೊಳಗೆ ತುಂಬಿಕೊಡಬೇಕಂತೆ.