ಬೋರ್ ಅಲ್ಲಮ್ಮ, ಹೆಲಿಬೋರ್

ಮ್ಯಾಂಚೆಸ್ಟರಿನ ನಮ್ಮ ಮನೆಯ ಹಿತ್ತಲು ಇರುವುದು ಉತ್ತರಕ್ಕೆ. ತುಮಕೂರಿನಲ್ಲಾಗಿದ್ದರೆ ಕುಬೇರನ ದಿಕ್ಕು ಅಂತ ನಾಲ್ಕು ಜನ ಹೊಗಳುತ್ತಿದ್ದರು. ಇಲ್ಲಿ ಕುಬೇರನ ಮಾತಿರಲಿ, ಸೂರ್ಯನೇ ಆ ಕಡೆ ತಲೆ ಹಾಕುವುದಿಲ್ಲ. ಡಿಸೆಂಬರ್ ಕೊನೆಯಲ್ಲಿ ಹಗಲೇ ಏಳೂವರೆ ತಾಸು, ಅಷ್ಟು ಹೊತ್ತೂ ಮನೆಯ ನೆರಳು ಹಿತ್ತಲ ತುಂಬ ಕಾಲು ಚಾಚಿ ಮಲಗಿರುತ್ತದೆ. ನಾನು ಆಸೆಪಟ್ಟು ನೆಟ್ಟ ಸೇವಂತಿಗೆ ಅಲ್ಲೇ ಕೊಳೆತು ಹೋಯಿತು. ಕೊನೆಗೆ ನರ್ಸರಿಯವರು, ನೆರಳಿಗೂ ಸೈ, ಚಳಿಗೂ ಸೈ ಎಂದು ಹೆಲಿಬೋರ್ ಗಿಡ ಕೊಟ್ಟರು.

"ಅಮ್ಮ, ಹಿತ್ತಲಿಗೆ ಹೆಲಿಬೋರ್ ಹಾಕಿದ್ದೀನಿ."

"ಬೋರಾ! ಎಷ್ಟಡಿಗೆ ನೀರು ಬಂತೋ?"

ತುಮಕೂರಿನವರ ಕಿವಿ, ತಪ್ಪು ಹೇಳುವ ಹಾಗಿಲ್ಲ.

ಚಳಿಗಾಲಕ್ಕೆ ಮುಂಚೆ ಪಕ್ಕದ ಮನೆಯ ಅಜ್ಜ, "ಹಳೇ ಎಲೆ ಕತ್ತರಿಸು, ಕಪ್ಪು ಚುಕ್ಕೆ ರೋಗ ಹರಡಲ್ಲ" ಅಂದರು. ಬುಡ ಕಾಣುವ ಹಾಗೆ ಬೋಳಿಸಿದೆ. ಅಜ್ಜನ ಮಾತು ಸರಿಯೇ, ಅವರ ಗಿಡಕ್ಕೆ. ಅದರಲ್ಲಿ ಹೂವಿನ ಕಡ್ಡಿ ನೆಲದಿಂದ ಬೇರೆಯಾಗಿ ಏಳುತ್ತದೆ. ನನ್ನದು ಫೀಟಿಡಸ್ ಎಂಬ ಜಾತಿ, ಎಲೆಯಿರುವ ಕಾಂಡದ ತುದಿಯಲ್ಲೇ ಹೂ. ಆ ವರ್ಷದ ಹೂವಷ್ಟೂ ಎಲೆಯ ಜೊತೆ ಗೊಬ್ಬರದ ಡಬ್ಬಕ್ಕೆ ಹೋಯಿತು. ಫೀಟಿಡಸ್ ಎಂದರೆ ಲ್ಯಾಟಿನ್ನಿನಲ್ಲಿ ನಾರುವುದು ಅಂತ. ಇದು ಗೊತ್ತಾಗಿದ್ದು ದುಡ್ಡು ಕೊಟ್ಟ ಮೇಲೆ.

ಮರುವರ್ಷ ಕತ್ತರಿಯನ್ನು ಹೆಂಡತಿ ಬಚ್ಚಿಟ್ಟಳು. ಜನವರಿಯಲ್ಲಿ ಹೂ ಬಂತು! ಹಸಿರು ಗಂಟೆಗಳು, ಅಂಚಿಗೊಂದು ಕೆನ್ನೇರಳೆ ಗೆರೆ. ಎಲ್ಲವೂ ಹೊಸ ಮದುಮಗಳ ಹಾಗೆ ತಲೆ ತಗ್ಗಿಸಿ ನಿಂತಿದ್ದವು. ಅಮ್ಮನಿಗೆ ಮುಖ ತೋರಿಸಲೇಬೇಕಲ್ಲ. ವೀಡಿಯೋ ಕಾಲ್ ಹಚ್ಚಿ, ಪಂಚೆಯಲ್ಲೇ ಒದ್ದೆ ಮಣ್ಣಿನ ಮೇಲೆ ಅಂಗಾತ ಮಲಗಿ ಫೋನನ್ನು ಗಿಡದಡಿಗೆ ತೂರಿಸಿದೆ. ಬೇಲಿಯಾಚೆಯಿಂದ ಅಜ್ಜನ ದನಿ ಕೇಳಿತು: "ಆಂಬುಲೆನ್ಸ್ ಕರೀಲಾ?"

ಅಮ್ಮ ಕನ್ನಡಕ ಏರಿಸಿ ನೋಡಿದಳು. "ಎಲೆ ಕಾಣಿಸ್ತಿದೆ. ಹೂ ಎಲ್ಲೋ?"

"ಅದೇ ಹೂ ಅಮ್ಮ."

"ಹಸಿರಾಗಿದೆಯಲ್ಲೋ, ಎಲೆ ಅದು!"

ಜಗಳ ಗೆಲ್ಲೋಣವೆಂದು ಓದಿ ನೋಡಿದರೆ, ಹೆಲಿಬೋರಿನಲ್ಲಿ ನಾವು ಎಸಳು ಅಂದುಕೊಳ್ಳುವುದು ಎಸಳಲ್ಲ, ಪುಷ್ಪಪತ್ರ. ಸಸ್ಯಶಾಸ್ತ್ರವೂ ಅಮ್ಮನ ಪಕ್ಷವೇ.

"ಸರಿ, ಹೂವೇ ಅಂತಿಟ್ಟುಕೋ. ಎರಡು ಕಿತ್ತು ದೇವರಿಗೆ ಇಡು."

"ಗಿಡ ಪೂರ್ತಿ ವಿಷ ಅಮ್ಮ. ರಸ ತಗುಲಿದರೆ ಚರ್ಮ ಉರಿಯುತ್ತೆ."

"ಶಿವನಿಗೆ ಎಕ್ಕದ ಹೂ ಏರಿಸಲ್ವಾ, ಉಮ್ಮತ್ತಿ ಏರಿಸಲ್ವಾ? ಅವನಿಗೇನೂ ಆಗಲ್ಲ. ನಿನ್ನ ಕೈ ನೋಡ್ಕೋ."

ಹಾಗಾಗಿ ಈಗ ಸೋಮವಾರ ಬೆಳಿಗ್ಗೆ, ಮಡಿಪಂಚೆ ಉಟ್ಟು, ವಿಭೂತಿ ಹಚ್ಚಿ, ರಬ್ಬರ್ ಗ್ಲೌಸ್ ಹಾಕಿಕೊಂಡು ಪೂಜೆಗೆ ಕೂರುತ್ತೇನೆ.