ಸಂತೋಷದ ಗುತ್ತಿಗೆದಾರರು

ಸಂತೋಷದ ಬಗ್ಗೆ ಪುಸ್ತಕ ಬರೆಯಬೇಕಾದರೆ ಮೊದಲು ಒಂದು ಒಳ್ಳೆಯ ಕೆಲಸ ಇರಬೇಕು. ಆಮೇಲೆ ಅದನ್ನು ಬಿಡಬೇಕು. ಕೆಲಸವೇ ಇಲ್ಲದವರು ಬರೆದರೆ ಯಾರೂ ಮೂಸಿ ನೋಡುವುದಿಲ್ಲ. ಕೈತುಂಬ ಸಂಬಳ ಒದ್ದು ಬಂದವರು ಬರೆದರೆ, 'ಅಷ್ಟು ಬಿಟ್ಟು ಬಂದಿದ್ದಾರೆ, ಏನೋ ಇರಬೇಕು' ಅಂತ ಕೊಳ್ಳುತ್ತೇವೆ.

ಮೊದಲ ಪುಸ್ತಕ ಓದಿ ಒಂದು ವಾರ ಸಂತೋಷವಾಗಿರುತ್ತೇವೆ. ಎಂಟನೇ ದಿನ ಅದೇ ಹಳೇ ಮುಖ. ಆಗ ಎರಡನೆಯದು ಬರುತ್ತದೆ: ತಪ್ಪು ಸಂತೋಷದ್ದಲ್ಲ, ನಿಮ್ಮ ಅಭ್ಯಾಸಗಳದ್ದು. ಅಭ್ಯಾಸವೂ ಅಂಟಲಿಲ್ವಾ? ಹಾಗಾದರೆ ನೀವು ಯಾವ ನಮೂನೆಯ ಮನುಷ್ಯ ಅನ್ನೋದೇ ನಿಮಗೆ ಗೊತ್ತಿಲ್ಲ, ಮೂರನೆಯದು ಓದಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಕುಣಿಯಲು ಕಲಿಸುವವರೇ ನಮ್ಮ ಕಾಲು ಡೊಂಕು ಅಂತಾರೆ. ನಾಲ್ಕನೆಯದರ ಹೊತ್ತಿಗೆ ವಿಷಯ ಬೀರುವಿಗೆ ಬಂದಿರುತ್ತದೆ. ಬೀರು ಖಾಲಿಯಾದರೆ ಮನಸ್ಸು ಹಗುರವಂತೆ. ಅಲ್ಲಿ ಜಾಸ್ತಿ ಜಾಗ ಹಿಡಿದಿರುವುದು ಇವರವೇ ಹಿಂದಿನ ಮೂರು ಪುಸ್ತಕ, ಆ ಮಾತು ಬೇರೆ.

ಇನ್ನು ಆ 21 ದಿನದ ಮಂತ್ರ. 21 ದಿನ ಬಿಡದೆ ಮಾಡಿದರೆ ಅಭ್ಯಾಸವಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಮೂಲ ಹುಡುಕಿದರೆ ಸಿಗುವುದು ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅನ್ನೋ ಅಮೆರಿಕದ ಪ್ಲಾಸ್ಟಿಕ್ ಸರ್ಜನ್. ಆಪರೇಷನ್ ಆದವರಿಗೆ ಕನ್ನಡಿಯೊಳಗಿನ ಹೊಸ ಮುಖ ಒಗ್ಗಲು ಕಡಿಮೆ ಅಂದರೂ 21 ದಿನ ಬೇಕು ಅಂತ ಅವರು 1960ರಲ್ಲಿ ಬರೆದರು. 'ಕಡಿಮೆ ಅಂದರೂ' ಅನ್ನೋದು ದಾರಿಯಲ್ಲೆಲ್ಲೋ ಬಿದ್ದುಹೋಯಿತು. ಮೂಗು ಒಗ್ಗುವ ಲೆಕ್ಕ ಹಿಡಿದು ನಾವು ಬೆಳಗ್ಗೆ ಐದಕ್ಕೆ ಅಲಾರಂ ಇಡುತ್ತಿದ್ದೇವೆ! ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರ ಮೇಲೆ ಪರೀಕ್ಷಿಸಿದಾಗ ಲೆಕ್ಕ 66 ದಿನಕ್ಕೆ ಹೋಯಿತು. ಅದೂ ಎಲ್ಲರಿಗೂ ಒಂದೇ ಅಲ್ಲ, 18ರಿಂದ 254 ದಿನದವರೆಗೆ ಅಂದಾಜು. ಮುಖಪುಟದ ಮೇಲೆ 254 ಅಂತ ಹಾಕಿದರೆ ಯಾರು ಕೊಳ್ಳುತ್ತಾರೆ ಹೇಳಿ?

ನನ್ನ ಹತ್ತಿರವೂ ಒಂದು ಅಭ್ಯಾಸದ ಡೈರಿ ಇದೆ. ದಿನಕ್ಕೊಂದು ಚೌಕ, ಮಾಡಿದರೆ ಟಿಕ್. ಭಾನುವಾರ ರಾತ್ರಿ ಕೂತು ಇಡೀ ವಾರದ್ದು ಒಟ್ಟಿಗೆ ಹಾಕುತ್ತೇನೆ. ಅನುಮಾನ ಬರಬಾರದಲ್ವಾ, ಅದಕ್ಕೇ ಕೆಲವು ನೀಲಿ ಪೆನ್ನಿನಲ್ಲಿ, ಕೆಲವು ಕಪ್ಪಿನಲ್ಲಿ. ಗುರುವಾರ ಸುಮ್ನೆ ಖಾಲಿ ಬಿಡುತ್ತೇನೆ, ಪ್ರಾಮಾಣಿಕವಾಗಿ ಕಾಣಲಿ ಅಂತ. ಆ ಡೈರಿ ನೋಡುವುದು ನಾನೊಬ್ಬನೇ. ಎದುರು ಪುಟದಲ್ಲಿ 'ಇಂದು ಕೃತಜ್ಞತೆ ಹೇಳಬೇಕಾದ ಮೂರು ಸಂಗತಿ' ಅಂತ ಮೂರು ಗೆರೆ. ಮಾರ್ಚ್ ತಿಂಗಳಿಂದ ಅಲ್ಲಿ 'ಮೇಲಿನಂತೆ', 'ಮೇಲಿನಂತೆ', 'ಮೇಲಿನಂತೆ'.

ಡೈರಿ ಮಾಡಿದವರ ಹೊಸ ಪುಸ್ತಕ ಮುಂದಿನ ತಿಂಗಳು ಬರುತ್ತಿದೆ. ಏನೂ ಮಾಡದೆ ಸುಮ್ಮನೆ ಕೂರುವುದು ಹೇಗೆ ಅನ್ನೋದರ ಬಗ್ಗೆಯಂತೆ, 300 ಪುಟ. ಜೊತೆಗೆ ಡೈರಿ ಉಚಿತ, ಏನೂ ಮಾಡದ ದಿನಕ್ಕೆ ಟಿಕ್ ಹಾಕಲು. ಇದಕ್ಕಾದರೂ ಎರಡು ಪೆನ್ನು ಬೇಕಾಗುವುದಿಲ್ಲ ಅಂತ ಈಗಲೇ ಬುಕ್ ಮಾಡಿದ್ದೇನೆ.