ಸರ್ವರ್ ಉಳಿಯುತ್ತದೆ, ಟಿಪ್ಪಣಿ ಉಳಿಯುತ್ತದೆಯೇ?

"ಪಹಣಿ ಎಲ್ಲ ಕಂಪ್ಯೂಟರಿನಲ್ಲಿದೆಯಲ್ಲ, ಮಳೆ ಬಂದರೇನು, ಗುಡ್ಡ ಕುಸಿದರೇನು?" ಉತ್ತರ ಕನ್ನಡದಲ್ಲಿ ಕಾರವಾರದಿಂದ ಭಟ್ಕಳದ ತನಕ, ಘಟ್ಟ ಹತ್ತಿದರೆ ಶಿರಸಿ-ಸಿದ್ದಾಪುರದಲ್ಲೂ ಇದೇ ಮಾತು. ಅರ್ಧ ನಿಜ. ಪಹಣಿ ಇಡುವ ಸರ್ಕಾರಿ ತಂತ್ರಾಂಶ 'ಭೂಮಿ'ಯ ದತ್ತಾಂಶ ಇರುವುದು ಬೆಂಗಳೂರಿನಲ್ಲಿ. ಇಲ್ಲಿನ ತಾಲೂಕು ಕಚೇರಿಗೆ ಹೊಳೆಯೇ ನುಗ್ಗಿದರೂ ಪಹಣಿ ಅಳಿಯುವುದಿಲ್ಲ. ಆದರೆ ಪಹಣಿ ಎಂದರೆ ಫಲಿತಾಂಶದ ಪಟ್ಟಿ ಇದ್ದ ಹಾಗೆ, ಉತ್ತರಪತ್ರಿಕೆ ಬೇರೆ ಕಡೆ ಇದೆ. ಮೂಲ ಟಿಪ್ಪಣಿ (ಜಮೀನು ಅಳೆದಾಗ ಬರೆದ ಚಿತ್ರ), ಆಕಾರಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ಪಟ್ಟಿ), ಹಳೆಯ ಮ್ಯುಟೇಶನ್ (ಹಕ್ಕು ಬದಲಾವಣೆ) ರಜಿಸ್ಟರು, ಭೂ ನ್ಯಾಯ ಮಂಡಳಿಯ ಕಡತ, ಎಲ್ಲವೂ ಇಲ್ಲೇ ದಾಖಲೆ ಕೊಠಡಿಗಳಲ್ಲಿ ಕಟ್ಟು ಕಟ್ಟಾಗಿ ಕೂತಿವೆ. 1974ರ ಭೂಸುಧಾರಣೆಯಲ್ಲಿ ಗೇಣಿದಾರ ನಮೂನೆ 7ರ ಅರ್ಜಿ ಹಾಕಿ ಪಡೆದ ಜಮೀನಿಗೆ ಪಹಣಿಯ 10ನೇ ಕಾಲಂನಲ್ಲಿ ಇರುವುದು ಒಂದೇ ಸಾಲು. ಹೇಳಿಕೆ, ಮಹಜರು, ಆದೇಶ, ಸಹಿ ಇರುವುದು ಕಡತದಲ್ಲಿ. ನಾಳೆ ಅಣ್ಣತಮ್ಮಂದಿರು ಹಿಸ್ಸೆಗಾಗಿ ಕೋರ್ಟು ಹತ್ತಿದರೆ ಕೇಳುವುದು ಆ ಕಡತವನ್ನೇ.

ಸರ್ವರಿನ ಮಾತು ಮೊದಲು ಮುಗಿಸಿಬಿಡೋಣ. ಅಲ್ಲಿ ಕೇಳಬೇಕಾದ್ದು "ಬ್ಯಾಕಪ್ ಇದೆಯೇ" ಎಂದಲ್ಲ. ಕೆಟ್ಟರೆ ಎಷ್ಟು ಗಂಟೆಯ ಕೆಲಸ ಕಳೆದುಹೋಗುತ್ತದೆ, ಎಷ್ಟು ಗಂಟೆಯಲ್ಲಿ ಎದ್ದು ನಿಲ್ಲುತ್ತದೆ, ಹಾಗೆ ಎಬ್ಬಿಸಿ ನೋಡಿದ್ದು ಕೊನೆಗೆ ಯಾವಾಗ? ನಮ್ಮಲ್ಲಿ ನೋಂದಣಿಗೆ ಕಾವೇರಿ, ಹಕ್ಕು ಬದಲಾವಣೆಗೆ ಭೂಮಿ. ಎರಡೂ ಬೇರೆ ಬೇರೆ ತಂತ್ರಾಂಶ, ನಡುವಿನ ಕೊಂಡಿ ಜೆ-ಸ್ಲಿಪ್, ಅಂದರೆ ನೋಂದಣಿಯಾಯಿತು ಎಂದು ಕಾವೇರಿಯಿಂದ ಭೂಮಿಗೆ ಹೋಗುವ ಚೀಟಿ. ಬೆಳಿಗ್ಗೆ 11ಕ್ಕೆ ಕ್ರಯಪತ್ರ ನೋಂದಣಿಯಾಯಿತು, ಜೆ-ಸ್ಲಿಪ್ ಹೋಯಿತು, ಮಧ್ಯಾಹ್ನ ಭೂಮಿ ಕೆಟ್ಟಿತು ಅಂತಿಟ್ಟುಕೊಳ್ಳಿ. ಹಿಂದಿನ ರಾತ್ರಿಯ ಪ್ರತಿಯಿಂದ ಅದನ್ನು ಎಬ್ಬಿಸಿದರೆ ಕಾವೇರಿಯಲ್ಲಿ ಜಮೀನು ಕೊಂಡವನದು, ಭೂಮಿಯಲ್ಲಿ ಆ ಜೆ-ಸ್ಲಿಪ್ಪೇ ಇಲ್ಲ, ಪಹಣಿಯ 9ನೇ ಕಾಲಂನಲ್ಲಿ ಇನ್ನೂ ಮಾರಿದವನದು. ಮಾರಿದವನು ಅದೇ ಪಹಣಿ ಹಿಡಿದು ಸೊಸೈಟಿಯಲ್ಲಿ ಬೆಳೆಸಾಲ ತೆಗೆದು 11ನೇ ಕಾಲಂಗೆ ಬೋಜಾ (ಸಾಲದ ಹೊರೆ) ಏರಿಸಿದರೆ ತಡೆಯುವವರು ಯಾರು? ಆದ್ದರಿಂದ ಸರ್ವರ್ ಎದ್ದ ಕೂಡಲೇ ಕೌಂಟರ್ ತೆರೆಯಬಾರದು. ಕಳೆದುಹೋದ ಅವಧಿಯಲ್ಲಿ ನೋಂದಣಿಯಾದ ಪತ್ರಗಳ ಪಟ್ಟಿಯನ್ನು ಕಾವೇರಿಯಿಂದ ತೆಗೆದು, ಜೆ-ಸ್ಲಿಪ್ ಜೊತೆ ಒಂದೊಂದಾಗಿ ತಾಳೆ ನೋಡಬೇಕು. ತಾಳೆಯಾಗುವ ತನಕ ಆ ಸರ್ವೆ ನಂಬರುಗಳ ವ್ಯವಹಾರ ಬಂದ್. ಜನ ಬೈಯುತ್ತಾರೆ, ಬೈಸಿಕೊಳ್ಳಬೇಕು.

ಇನ್ನೊಂದು ಚಿಕ್ಕ ಸಂಗತಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಬಂದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಕೂತಿದ್ದು ಎಲ್ಲರಿಗೂ ನೆನಪಿದೆ. ಕಚೇರಿಗೆ ಎರಡು ಕಂಪನಿಯ ಇಂಟರ್ನೆಟ್ ಲೈನ್ ತೆಗೆದುಕೊಂಡು, ಎರಡೂ ಕೇಬಲ್ ಒಂದೇ ಹೆದ್ದಾರಿಯ ಬದಿಯಲ್ಲಿ ಬಂದರೆ ಅದು ಎರಡು ಲೈನ್ ಅಲ್ಲ, ಒಂದೇ.

ಈಗ ಕಾಗದಕ್ಕೆ ಬರುತ್ತೇನೆ. ನನ್ನ ತಕರಾರು ಇರುವುದೇ ಇಲ್ಲಿ.

ಟಿಪ್ಪಣಿ ಅಂದರೆ ಚೆಂದದ ನಕ್ಷೆಯಲ್ಲ, ಅಂಕಿ ಬರೆದ ಕಚ್ಚಾ ಚಿತ್ರ. ನಮ್ಮ ಜಿಲ್ಲೆ ಆಗ ಸೇರಿದ್ದ ಮುಂಬೈ ಪ್ರಾಂತ್ಯದ ಅಳತೆಯಲ್ಲಿ ಒಂದು ಸರಪಳಿ 33 ಅಡಿ, ಅದಕ್ಕೆ 16 ಆಣೆ. 33ಕ್ಕೆ 33 ಅಡಿ ಆದರೆ ಒಂದು ಗುಂಟೆ, 1089 ಚದರ ಅಡಿ. ಒಂದು ಆಣೆ ಎಂದರೆ ಎರಡು ಅಡಿ ಮುಕ್ಕಾಲು ಇಂಚು. ನೀರು ತಾಗಿ ಶಾಯಿ ಹರಡಿ 3 ಆಣೆ 8 ಆಣೆಯಂತೆ ಕಂಡರೆ ಗಡಿ ಹತ್ತು ಅಡಿ ಆಚೆ ಹೋಯಿತು. ಅಡಿಕೆ ತೋಟದಲ್ಲಿ ಹತ್ತು ಅಡಿ ಅಂದರೆ ಒಂದು ಸಾಲು ಮರ.

ಕಡತ ಒದ್ದೆಯಾದರೆ ಕೈಯಲ್ಲಿರುವುದು ಹೆಚ್ಚೆಂದರೆ 48 ಗಂಟೆ, ಆಮೇಲೆ ಬೂಸ್ಟು. ನಮ್ಮ ಆಷಾಢದ ಹವೆಯಲ್ಲಿ ಅಷ್ಟೂ ಸಿಗಲಿಕ್ಕಿಲ್ಲ. ಮೊದಲ ತಪ್ಪು, ಕಟ್ಟು ಬಿಚ್ಚಿ ಹಾಳೆ ಬಿಡಿಸುವುದು. ಒದ್ದೆ ಹಾಳೆ ಬೆರಳಿಗೇ ಅಂಟಿಕೊಂಡು ಹರಿಯುತ್ತದೆ. ಎರಡನೆಯದು, ಬಿಸಿಲಿಗೋ ಹೀಟರಿಗೋ ಇಡುವುದು. ಹೊರಗೆ ಒಣಗಿ ಸುರುಟುತ್ತದೆ, ಒಳಗೆ ಕೊಳೆಯುತ್ತದೆ. ಕೆಸರು ಮೆತ್ತಿದ್ದರೆ ಕಟ್ಟನ್ನು ಮುಚ್ಚಿದ ಹಾಗೇ ಹಿಡಿದು ಸಿಹಿನೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆಯಬೇಕು, ಉಜ್ಜಬಾರದು. ಉಪ್ಪುನೀರು ಹೊಕ್ಕಿದ್ದರಂತೂ ಇದು ಬೇಕೇಬೇಕು. ಆದರೆ ಮೊಹರಿನ ನೇರಳೆ ಶಾಯಿ, ನೇರಳೆ ಕಾಪಿಯಿಂಗ್ ಪೆನ್ಸಿಲ್ ಇರುವ ಕಡತವನ್ನು ಅದ್ದಲೇಬೇಡಿ, ಬರೆದದ್ದೇ ನೀರಾಗಿ ಹರಿದುಹೋಗುತ್ತದೆ. ಕಟ್ಟು ಸುತ್ತುವ ರುಮಾಲಿನ ಕೆಂಪು ಬಟ್ಟೆಯೂ ಶತ್ರುವೇ, ಒದ್ದೆಯಾದರೆ ಬಣ್ಣ ಬಿಟ್ಟು ಮೇಲಿನ ಹತ್ತು ಹಾಳೆಗೆ ಅಂಟುತ್ತದೆ. ತೊಳೆದ ಕೋರಾ ಬಟ್ಟೆ ಸುತ್ತಿಟ್ಟರೆ ಖರ್ಚೂ ಕಮ್ಮಿ.

ಒಂದೇ ದಿನದಲ್ಲಿ ಒಣಗಿಸಲಾಗದಷ್ಟು ರಾಶಿ ಇದ್ದರೆ ಹೆಪ್ಪುಗಟ್ಟಿಸಿಡುವುದೇ ದಾರಿ. ಮೈನಸ್ 18 ಡಿಗ್ರಿಯಲ್ಲಿ ಬೂಸ್ಟು ಬೆಳೆಯುವುದಿಲ್ಲ, ಶಾಯಿ ಹರಡುವುದಿಲ್ಲ. ತಿಂಗಳುಗಟ್ಟಲೆ ಸಮಯ ಸಿಗುತ್ತದೆ, ಆಮೇಲೆ ಸ್ವಲ್ಪ ಸ್ವಲ್ಪವೇ ಹೊರತೆಗೆದು ಒಣಗಿಸಬಹುದು. ಈ ವಿಷಯದಲ್ಲಿ ನಮ್ಮ ಕರಾವಳಿಗಿರುವ ಅನುಕೂಲ ಬಯಲುಸೀಮೆಗಿಲ್ಲ, ಮೀನಿನ ಕೋಲ್ಡ್ ಸ್ಟೋರೇಜು! ಬರೀ ಐಸ್ ಫ್ಯಾಕ್ಟರಿ ಸಾಲದು. ಮಂಜುಗಡ್ಡೆ ಸೊನ್ನೆ ಡಿಗ್ರಿಯದು, ಕರಗಿದರೆ ಮತ್ತೆ ನೀರು. ಫ್ರೀಜರ್ ಕೋಣೆಯೇ ಬೇಕು. ಕಟ್ಟುಗಳನ್ನು ದಪ್ಪ ಪಾಲಿಥೀನ್ ಚೀಲಕ್ಕೆ ಹಾಕಿ, ಗ್ರಾಮ ಮತ್ತು ರ‍್ಯಾಕ್ ನಂಬರು ಬರೆದು, ತೂತಿರುವ ಮೀನಿನ ಕ್ರೇಟಿನಲ್ಲೇ ಒಯ್ಯಬಹುದು. ಒಂದು ಕ್ರೇಟಿಗೆ ಮುಕ್ಕಾಲು ಭಾಗ ಸಾಕು, ಹಳೆ ಕಾಗದ ತುಂಬ ನೀರು ಕುಡಿದು ಭಾರವಾಗಿರುತ್ತದೆ. ಅಂಥ ಕೋಣೆಯ ಮಾಲಕರ ಜೊತೆ ಒಪ್ಪಂದ ಮೇ ತಿಂಗಳಲ್ಲೇ ಆಗಿರಬೇಕು. ಜುಲೈನಲ್ಲಿ ಒದ್ದೆ ಕಡತ ಹೊತ್ತುಕೊಂಡು ಬಾಗಿಲು ತಟ್ಟಿದರೆ ಯಾರು ಒಳಗೆ ಬಿಡುತ್ತಾರೆ?

ಭೂ ಸುರಕ್ಷಾ ಯೋಜನೆಯಲ್ಲಿ ಕಡತಗಳ ಸ್ಕ್ಯಾನಿಂಗ್ ನಡೆಯುತ್ತಿರುವುದು ಒಳ್ಳೆಯದೇ. ಆದರೆ ಸ್ಕ್ಯಾನ್ ಆದದ್ದೆಲ್ಲ ಉಳಿದದ್ದಲ್ಲ. ಹಿಂಬದಿಯ ಷರಾ ಬಿಟ್ಟುಹೋಗುವುದು, ಹೊಲಿಗೆಯ ಒಳಗಿನ ಸಾಲು ಕತ್ತರಿಸಿಹೋಗುವುದು, ಕೆಂಪು ಶಾಯಿಯ ತಿದ್ದುಪಡಿ ಕಪ್ಪುಬಿಳುಪಿನಲ್ಲಿ ಮೂಲ ಬರಹದ ಜೊತೆ ಬೆರೆತುಹೋಗುವುದು, ಇವೆಲ್ಲ ಆಗುವಂಥವೇ. ಬಣ್ಣದಲ್ಲೇ ಆಗಬೇಕು, ಬರಹಕ್ಕೆ 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ), ಟಿಪ್ಪಣಿಗೆ 600. ಎ4 ಹಾಳೆಯನ್ನು 300ರಲ್ಲಿ, ಬಣ್ಣದಲ್ಲಿ, ಕುಗ್ಗಿಸದೆ ಇಟ್ಟರೆ ಸುಮಾರು 26 ಎಂಬಿ, ಲಕ್ಷ ಪುಟಕ್ಕೆ 2.6 ಟಿಬಿ. ಈಗಿನ ಕಾಲದಲ್ಲಿ ಇದೇನು ದೊಡ್ಡ ಜಾಗವಲ್ಲ. ಕಡತದ ಪುಟ ಎಣಿಸಿ, ಚಿತ್ರ ಎಣಿಸಿ, ಎರಡೂ ಒಂದಾದ ಮೇಲೇ ಮುಂದಿನ ಕಟ್ಟು.

ಪ್ರತಿ ಇಡುವುದೆಲ್ಲಿ? ಕಾರವಾರದ್ದನ್ನು ಕುಮಟಾದಲ್ಲಿಟ್ಟರೆ ಅದೇ ಮಳೆ, ಅದೇ ಹೆದ್ದಾರಿ. ಶಿರಸಿ ಘಟ್ಟದ ಮೇಲಿದ್ದರೂ ಅಲ್ಲೂ ಮಳೆ ಜೋರೇ. ಹಳಿಯಾಳವೋ ಮುಂಡಗೋಡವೋ ವಾಸಿ, ಮಳೆ ಕಮ್ಮಿ, ಸಮುದ್ರ ದೂರ, ಹುಬ್ಬಳ್ಳಿ-ಧಾರವಾಡ ಹತ್ತಿರ. ಅಲ್ಲಿಡುವ ಪ್ರತಿ ಯಾವ ನೆಟ್‌ವರ್ಕಿಗೂ ಸಿಕ್ಕಿಸಿರಬಾರದು, ಇಲ್ಲವಾದರೆ ವೈರಸ್ ಹೊಕ್ಕ ದಿನ ಎರಡೂ ಒಟ್ಟಿಗೇ ಹೋಗುತ್ತವೆ.

ಇಷ್ಟೆಲ್ಲ ಉಳಿದರೂ ನೆಲವೇ ಜಾಗ ಬಿಟ್ಟರೆ? 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡವೇ ತೋಟದ ಸಮೇತ ಜಾರಿತು. ಅಂಥ ಕಡೆ ಗಡಿಯ ಬಾಂದುಕಲ್ಲು ಸಿಕ್ಕರೂ ಅದು ಇದ್ದ ಜಾಗ ಅದಲ್ಲ. ಅಘನಾಶಿನಿ ಹೊಳೆಯ ಗಜನಿಯಲ್ಲಿ (ಉಪ್ಪುನೀರು ಬರುವ ಗದ್ದೆಯಲ್ಲಿ) ಕಟ್ಟೆ ಒಡೆದರೆ ಗುರುತೆಲ್ಲ ಕೆಸರಿನಡಿ. ಟಿಪ್ಪಣಿಯ ಅಳತೆ ಶುರುವಾಗಬೇಕಾದರೆ ಅಲುಗಾಡದ ಒಂದು ಕಲ್ಲಾದರೂ ಬೇಕಲ್ಲ. ಅದಕ್ಕೇ ಗುಡ್ಡ ಕುಸಿಯುವ ಗ್ರಾಮಗಳಲ್ಲಿ ಮೂರು ಊರಿನ ಗಡಿ ಸೇರುವ ಕಲ್ಲುಗಳ ನಿರ್ದೇಶಾಂಕವನ್ನು ರೋವರಿನಿಂದ (ಉಪಗ್ರಹದ ಸಂಕೇತದಿಂದ ಜಾಗ ಗುರುತಿಸುವ ಯಂತ್ರ) ಈಗಲೇ ತೆಗೆದಿಡಬೇಕು. ಅಡಿಕೆ ಮರದ ಕೆಳಗೆ, ಕಣಿವೆಯೊಳಗೆ ರೋವರ್ ನಂಬಬೇಡಿ, ಉಪಗ್ರಹದ ಸಂಕೇತ ತಡೆದು ಮೀಟರುಗಟ್ಟಲೆ ತಪ್ಪು ತೋರಿಸುತ್ತದೆ. ಬಯಲಿನಲ್ಲಿ ಎರಡು ಬಿಂದು ಹಿಡಿದು ಅಲ್ಲಿಂದ ಕೋನ, ದೂರ ಅಳೆಯುವ ಟೋಟಲ್ ಸ್ಟೇಷನ್ ಯಂತ್ರದಲ್ಲಿ ಒಳಗೆ ಹೋಗಬೇಕು.

ತಯಾರಿ ಆಗಿದೆಯೋ ಇಲ್ಲವೋ ನೋಡುವುದು ಸುಲಭ. ಮೇ ತಿಂಗಳ ಒಂದು ದಿನ, ಒಂದು ಗ್ರಾಮದ 20 ಸರ್ವೆ ನಂಬರು ಚೀಟಿ ಎತ್ತಿ ಆರಿಸಿ. ದಾಖಲೆ ಕೊಠಡಿಗೆ ಬೀಗ ಹಾಕಿ, ಇಂಟರ್ನೆಟ್ ಕಿತ್ತು, ಹೊರಗಿಟ್ಟ ಪ್ರತಿಯಿಂದಲೇ ಆ ಇಪ್ಪತ್ತರ ಪಹಣಿ, ಮ್ಯುಟೇಶನ್, ಟಿಪ್ಪಣಿ ಹುಡುಕಿ ಮೇಜಿನ ಮೇಲಿಡಲು ಸಿಬ್ಬಂದಿಗೆ ಹೇಳಿ. ಸಂಜೆಯೊಳಗೆ ಎಷ್ಟು ಬಂತು ಎಂದು ಎಣಿಸಿ ನೋಟೀಸ್ ಬೋರ್ಡಿಗೆ ಹಚ್ಚಿ.